ಸವಾರನ ಅಳತೆ, ಯಂತ್ರದ ಅಳತೆ: ಬೈಸಿಕಲ್ಲಿನ ಸೀಟು ಮತ್ತು ಹ್ಯಾಂಡಲುಗಳ ಹೊಂದಾಣಿಕೆಯ ಚರಿತ್ರೆ

೧

ಬೈಸಿಕಲ್ಲಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅದನ್ನು ಚಕ್ರದ ಚರಿತ್ರೆಯಾಗಿ, ಸರಪಳಿಯ ಚರಿತ್ರೆಯಾಗಿ, ಇಲ್ಲವೆ ಗಾಳಿ ತುಂಬಿದ ಟೈರಿನ ಚರಿತ್ರೆಯಾಗಿ ನಿರೂಪಿಸುತ್ತಾರೆ. ಈ ಮೂರೂ ಮುಖ್ಯವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೀಟಿನ ಕೆಳಗೆ ಒಂದು, ಹ್ಯಾಂಡಲಿನ ಬುಡದಲ್ಲಿ ಒಂದು, ಹೀಗೆ ಇರುವ ಎರಡು ಬೋಲ್ಟುಗಳಿಗೆ ಆ ನಿರೂಪಣೆಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಸೈಕಲ್ಲು ನೂರಾರು ಆಕಾರದ ದೇಹಗಳಿಗೆ ಒಗ್ಗುವ ಯಂತ್ರವಾದುದು ಈ ಎರಡು ಬೋಲ್ಟುಗಳಿಂದ. ಅವುಗಳ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಷಯವನ್ನು ಪ್ರವೇಶಿಸುವ ಮುನ್ನ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ಸವಾರನ ದೇಹವು ಸೈಕಲ್ಲನ್ನು ಮೂರು ಎಡೆಗಳಲ್ಲಿ ಮುಟ್ಟುತ್ತದೆ: ಪಾದಗಳು ಪೆಡಲಿನಲ್ಲಿ, ಕುಳಿತ ಭಾಗ ಸೀಟಿನಲ್ಲಿ, ಕೈಗಳು ಹ್ಯಾಂಡಲಿನಲ್ಲಿ. ಇವುಗಳ ಪೈಕಿ ಪೆಡಲು ಸುತ್ತುವ ವೃತ್ತದ ನಡುವಣ ಅಚ್ಚು ಚೌಕಟ್ಟಿಗೆ ಬಿಗಿದದ್ದು. ಅದನ್ನು ಮೇಲೆ ಕೆಳಗೆ ಸರಿಸುವಂತಿಲ್ಲ. ಉಳಿದುವು ಎರಡೇ. ಆದುದರಿಂದ ಸವಾರನ ಕಾಲು, ಬೆನ್ನು, ತೋಳುಗಳ ಅಳತೆಗೂ ಯಂತ್ರದ ಅಳತೆಗೂ ಇರುವ ಅಂತರವನ್ನೆಲ್ಲ ಸೀಟು ಮತ್ತು ಹ್ಯಾಂಡಲುಗಳೇ ತುಂಬಿಕೊಡಬೇಕು. ಅವು ತುಂಬಿಕೊಡದಿದ್ದರೆ ಆ ಅಂತರವನ್ನು ದೇಹವೇ ಭರಿಸಬೇಕಾಗುತ್ತದೆ: ಮೊಣಕಾಲಿನ ನೋವಿನಿಂದ, ಸೊಂಟದ ನೋವಿನಿಂದ, ಬೆರಳುಗಳ ಜೋಮಿನಿಂದ.

ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳಬೇಕೋ, ಮನುಷ್ಯನು ಯಂತ್ರಕ್ಕೆ ಹೊಂದಿಕೊಳ್ಳಬೇಕೋ ಎಂಬ ಪ್ರಶ್ನೆ ಯಂತ್ರಯುಗದ ದೊಡ್ಡ ಪ್ರಶ್ನೆಗಳಲ್ಲೊಂದು. ಸೈಕಲ್ಲಿನ ಮಟ್ಟಿಗೆ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ದೊರೆತಿದೆ. ಉತ್ತರ ಬದಲಾದಂತೆಲ್ಲ ಸವಾರಿ ಮಾಡಬಲ್ಲವರು ಯಾರು, ಮಾಡಲಾರದವರು ಯಾರು ಎಂಬುದೂ ಬದಲಾಗಿದೆ.

೨

ಎರಡು ಚಕ್ರಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿದ ವಾಹನದ ಚರಿತ್ರೆ ಜರ್ಮನಿಯಲ್ಲಿ ಆರಂಭವಾಗುತ್ತದೆ. ೧೮೧೭ರ ಜೂನ್ ೧೨ರಂದು ಕಾರ್ಲ್ ಫಾನ್ ಡ್ರೈಸ್ ತಾನು ರಚಿಸಿದ ಮರದ ಓಟಯಂತ್ರದ ಮೇಲೆ ಕುಳಿತು ಮಾನ್‌ಹೈಮ್ ನಗರದಿಂದ ಹೊರಟು ಷ್ವೆಟ್‌ಸಿಂಗೆನ್ನಿನ ದಿಕ್ಕಿನಲ್ಲಿ ಹೋಗಿಬಂದನು. ಆ ವಾಹನಕ್ಕೆ ಪೆಡಲುಗಳಿರಲಿಲ್ಲ. ಸವಾರನು ಎರಡು ಕಾಲುಗಳಿಂದಲೂ ಒಂದಾದ ಮೇಲೊಂದರಂತೆ ನೆಲವನ್ನು ಒದ್ದು ಮುಂದೆ ಸಾಗುತ್ತಿದ್ದನು. ಆದುದರಿಂದ ಕುಳಿತವನ ಪಾದ ನೆಲಕ್ಕೆ ನಿಲುಕಬೇಕೆಂಬುದೊಂದೇ ಸೀಟಿನ ಎತ್ತರವನ್ನು ನಿರ್ಣಯಿಸುವ ನಿಯಮವಾಗಿತ್ತು. ಮುಂದುಗಡೆ ಮುಂಗೈಗಳನ್ನು ಊರುವುದಕ್ಕೆ ಮೆತ್ತೆ ಹಾಕಿದ ಒಂದು ಅಡ್ಡಹಲಗೆಯೂ ಇತ್ತು. ದೇಹದ ಭಾರವನ್ನು ಸೀಟು ಮತ್ತು ತೋಳುಗಳ ನಡುವೆ ಹಂಚಬೇಕೆಂಬ ಅರಿವು ಈ ವಾಹನ ಹುಟ್ಟಿದಾಗಿನಿಂದಲೂ ಇತ್ತೆಂಬುದಕ್ಕೆ ಈ ಹಲಗೆಯೇ ಸಾಕ್ಷಿ.

೧೮೬೦ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರದ ಅಚ್ಚಿಗೇ ಪೆಡಲುಗಳನ್ನು ಕೂಡಿಸಿದ ವಾಹನಗಳು ಬಂದುವು. ಮಿಶೋ ಎಂಬ ಕಮ್ಮಾರ ಮನೆತನದ ಹೆಸರು ಇವುಗಳೊಡನೆ ಸೇರಿಕೊಂಡಿದೆ. ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ಸೀಟನ್ನು ಕೂಡಿಸಿದ್ದರೂ, ಕಲ್ಲು ಹಾಸಿದ ಬೀದಿಗಳಲ್ಲಿ ಕಬ್ಬಿಣದ ಪಟ್ಟಿಯ ಚಕ್ರಗಳು ಸವಾರನನ್ನು ಎಷ್ಟು ಕುಲುಕುತ್ತಿದ್ದುವೆಂದರೆ, ಇಂಗ್ಲೆಂಡಿನ ಜನ ಇದನ್ನು ಎಲುಬು ಕುಲುಕುವ ಗಾಡಿಯೆಂದೇ ಕರೆದರು.

ಪೆಡಲು ಚಕ್ರಕ್ಕೆ ನೇರವಾಗಿ ಕೂಡಿಕೊಂಡಿದ್ದುದರಿಂದ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು ಹೋಗುತ್ತಿತ್ತು. ಹೆಚ್ಚು ವೇಗ ಬೇಕೆಂದರೆ ಚಕ್ರವನ್ನು ದೊಡ್ಡದು ಮಾಡುವುದೊಂದೇ ಮಾರ್ಗ. ೧೮೭೦ರ ದಶಕದಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜೇಮ್ಸ್ ಸ್ಟಾರ್ಲಿ ಮೊದಲಾದವರು ತಯಾರಿಸಿದ ಎತ್ತರದ ಚಕ್ರದ ಸೈಕಲ್ಲುಗಳು ಈ ತರ್ಕದ ಫಲ. ಮುಂದಿನ ಚಕ್ರ ಬೆಳೆಯುತ್ತ ಬೆಳೆಯುತ್ತ ೫೦, ೫೪, ಕೆಲವೊಮ್ಮೆ ೬೦ ಅಂಗುಲಗಳ ವ್ಯಾಸವನ್ನು ಮುಟ್ಟಿತು. ಸೀಟು ಆ ಚಕ್ರದ ನೆತ್ತಿಗೆ ಬಂದು ಕುಳಿತಿತು; ಹ್ಯಾಂಡಲು ಸವಾರನ ತೊಡೆಗಳ ಮೇಲೆಯೇ ಹಾದುಹೋಯಿತು.

ಇಲ್ಲಿ ಚಕ್ರದ ಗಾತ್ರಕ್ಕೆ ಇದ್ದ ಮಿತಿ ಯಾವುದು? ಸವಾರನ ಕಾಲಿನ ಉದ್ದ. ಸೀಟಿನ ಮೇಲೆ ಕುಳಿತವನ ಪಾದವು ಪೆಡಲು ಅತ್ಯಂತ ಕೆಳಗಿರುವಾಗಲೂ ಅದನ್ನು ಮುಟ್ಟಬೇಕಷ್ಟೆ. ಆದುದರಿಂದ ಸೈಕಲ್ಲು ಕೊಳ್ಳುವವನು ಮೊದಲು ತನ್ನ ಕಾಲನ್ನು ಅಳೆದುಕೊಂಡು, ಅದಕ್ಕೆ ತಕ್ಕ ಚಕ್ರವನ್ನು ಕೊಳ್ಳಬೇಕಾಗಿತ್ತು. ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ೫೪ ಅಂಗುಲದ ಚಕ್ರ ಒಂದು ಸುತ್ತಿಗೆ ೧೪ ಅಡಿಗಿಂತ ಸ್ವಲ್ಪ ಹೆಚ್ಚು ದೂರ ಸಾಗುತ್ತದೆ. ೫೦ ಅಂಗುಲದ ಚಕ್ರ ಸಾಗುವುದು ೧೩ ಅಡಿಗೆ ಸ್ವಲ್ಪ ಮಿಕ್ಕಿ. ಎಂದರೆ ಉದ್ದ ಕಾಲಿನವನು ಪ್ರತಿ ಸುತ್ತಿಗೂ ಗಿಡ್ಡ ಕಾಲಿನವನಿಗಿಂತ ಒಂದು ಅಡಿಯಷ್ಟು ಮುಂದೆ ಹೋಗುತ್ತಾನೆ. ಶಕ್ತಿ ಸಮನಾಗಿದ್ದರೂ, ಅಭ್ಯಾಸ ಸಮನಾಗಿದ್ದರೂ, ಹುಟ್ಟಿನಿಂದ ಬಂದ ಅಳತೆಯೇ ವೇಗದ ಮೇರೆಯನ್ನು ನಿರ್ಧರಿಸುತ್ತಿತ್ತು.

ಗಿಡ್ಡನೆಯವರು, ವಯಸ್ಸಾದವರು ಮತ್ತು ಉದ್ದನೆಯ ಲಂಗವನ್ನುಟ್ಟ ಸ್ತ್ರೀಯರಿಗೆ ಈ ಎತ್ತರದ ಸವಾರಿ ಬಹುಮಟ್ಟಿಗೆ ಎಟುಕದ ಮಾತಾಗಿತ್ತು. ಅವರಿಗಾಗಿ ಮೂರು ಚಕ್ರದ ವಾಹನಗಳು ಬಂದುವು. ೧೮೮೧ರಲ್ಲಿ ವಿಕ್ಟೋರಿಯಾ ರಾಣಿಯೇ ಸ್ಟಾರ್ಲಿಯ ಇಂಥ ಎರಡು ವಾಹನಗಳನ್ನು ತರಿಸಿಕೊಂಡಳು. ಎತ್ತರದ ಚಕ್ರವೇರಿದವರಿಗೂ ಅಪಾಯ ತಪ್ಪಿರಲಿಲ್ಲ. ಸೀಟು ಚಕ್ರದ ಅಚ್ಚಿನ ಮೇಲೆಯೇ ಇದ್ದುದರಿಂದ, ಒಂದು ಕಲ್ಲು ಅಡ್ಡ ಬಂದರೆ ಸವಾರನು ಹ್ಯಾಂಡಲಿನ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದನು. ತೊಡೆಗಳು ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಹಾರಿ ಪಾರಾಗುವುದೂ ಕಷ್ಟವಾಗಿತ್ತು. ಹ್ಯಾಂಡಲನ್ನು ಮೀಸೆಯಂತೆ ಕೆಳಕ್ಕೆ ಬಾಗಿಸಿ ಕಾಲುಗಳಿಗೆ ಎಡೆ ಮಾಡಿಕೊಡುವ ಪ್ರಯತ್ನಗಳು ನಡೆದುದು ಈ ಕಾರಣದಿಂದ. ಹ್ಯಾಂಡಲಿನ ಆಕಾರ ದೇಹದ ಕ್ಷೇಮಕ್ಕೆ ಸಂಬಂಧಿಸಿದ ವಿಷಯವೆಂಬುದನ್ನು ಸವಾರರು ಬಿದ್ದು ಕಲಿತರು.

೩

೧೮೮೫ರ ಆರಂಭದಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಪ್ರದರ್ಶನದಲ್ಲಿ ರೋವರ್ ಎಂಬ ಸೈಕಲ್ಲು ಕಾಣಿಸಿಕೊಂಡಿತು. ಇದನ್ನು ರಚಿಸಿದವನು ಜೇಮ್ಸ್ ಸ್ಟಾರ್ಲಿಯ ಸೋದರನ ಮಗನಾದ ಜಾನ್ ಕೆಂಪ್ ಸ್ಟಾರ್ಲಿ. ಸರಪಳಿಯ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ವಿಧಾನ ಇವನದೇ ಹೊಸ ಕಲ್ಪನೆಯೇನೂ ಅಲ್ಲ; ಹ್ಯಾರಿ ಲಾಸನ್ ಎಂಬಾತನು ೧೮೭೯ರಲ್ಲಿಯೇ ಅಂಥದೊಂದು ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದನು. ಹಾಗಾದರೆ ರೋವರಿನ ವೈಶಿಷ್ಟ್ಯವೇನು?

ಇದಕ್ಕೆ ಸ್ಟಾರ್ಲಿಯೇ ಉತ್ತರ ಕೊಟ್ಟಿದ್ದಾನೆ. ೧೮೯೮ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯಲ್ಲಿ ಸೈಕಲ್ಲಿನ ವಿಕಾಸವನ್ನು ಕುರಿತು ಅವನು ಓದಿದ ಪ್ರಬಂಧವು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದ ಆಧಾರ. ರೋವರನ್ನು ಯೋಜಿಸುವಾಗ ತಾನು ಇಟ್ಟುಕೊಂಡಿದ್ದ ಗುರಿಗಳನ್ನು ಅವನು ಅಲ್ಲಿ ಒಂದೊಂದಾಗಿ ಎಣಿಸುತ್ತಾನೆ. ಸವಾರನು ನೆಲದಿಂದ ತಕ್ಕ ಎತ್ತರದಲ್ಲಿರಬೇಕು; ಪೆಡಲಿಗೂ ಚಕ್ರಕ್ಕೂ ಇರುವ ಸಂಬಂಧವನ್ನು ಬೇಕಾದಂತೆ ಬದಲಿಸಲು ಬರಬೇಕು; ಪೆಡಲುಗಳಿಗೆ ಸರಿಹೊಂದುವ ಎಡೆಯಲ್ಲಿ ಸೀಟಿರಬೇಕು ಮತ್ತು ಅದನ್ನು ಇಷ್ಟಬಂದಂತೆ ಮೇಲೆ ಕೆಳಗೂ ಅತ್ತ ಇತ್ತಲೂ ಸರಿಸುವಂತಿರಬೇಕು; ಅತ್ಯಲ್ಪ ಆಯಾಸದಿಂದ ಅತ್ಯಧಿಕ ಬಲವನ್ನು ಪೆಡಲಿನ ಮೇಲೆ ಹಾಕುವಂತೆ ಹ್ಯಾಂಡಲು ಸೀಟಿಗೆ ಹೊಂದಿಕೊಂಡಿರಬೇಕು, ಅದೂ ಸರಿಸಲು ಬರುವಂತಿರಬೇಕು. ಇದು ಅವನ ಮಾತಿನ ತಾತ್ಪರ್ಯ.

ಈ ಪಟ್ಟಿಯನ್ನು ಎಚ್ಚರಿಕೆಯಿಂದ ಗಮನಿಸಬೇಕು. ಇದರಲ್ಲಿ ಸರಪಳಿ ಗುರಿಯಾಗಿ ಬಂದಿಲ್ಲ, ಸಾಧನವಾಗಿ ಬಂದಿದೆ. ಗುರಿಯಾಗಿರುವುದು ಸವಾರನ ಸ್ಥಾನ. ಎಲ್ಲಕ್ಕಿಂತ ಹೆಚ್ಚಾಗಿ, ಸೀಟು ಮತ್ತು ಹ್ಯಾಂಡಲುಗಳೆರಡೂ ಸರಿಸಲು ಬರಬೇಕೆಂಬುದನ್ನು ಅವನು ಯಂತ್ರದ ಮೂಲ ಲಕ್ಷಣಗಳಲ್ಲಿ ಸೇರಿಸಿದ್ದಾನೆ. ಸರಪಳಿಯು ಚಕ್ರದ ಗಾತ್ರವನ್ನು ಕಾಲಿನ ಉದ್ದದಿಂದ ಬಿಡುಗಡೆ ಮಾಡಿತು. ಸರಿಸಬಹುದಾದ ಸೀಟು ಮತ್ತು ಹ್ಯಾಂಡಲುಗಳು ಇಡೀ ಯಂತ್ರವನ್ನೇ ಒಬ್ಬ ಸವಾರನ ಅಳತೆಯಿಂದ ಬಿಡುಗಡೆ ಮಾಡಿದುವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಗಾದೆ. ಎತ್ತರದ ಚಕ್ರದ ಕಾಲದ ನೀತಿ ಅದೇ ಆಗಿತ್ತು. ಸ್ಟಾರ್ಲಿಯು ಕಾಲು ಇದ್ದಷ್ಟು ಹಾಸಿಗೆಯನ್ನು ಚಾಚುವ ಉಪಾಯವನ್ನು ಕಂಡುಹಿಡಿದನು.

ಉಪಾಯವು ಸರಳವಾದುದು. ಸೀಟನ್ನು ಹೊತ್ತ ಕೊಳವೆಯು ಚೌಕಟ್ಟಿನ ಕೊಳವೆಯೊಳಗೆ ಜಾರುತ್ತದೆ. ಬೇಕಾದ ಎತ್ತರದಲ್ಲಿ ಒಂದು ಬೋಲ್ಟು ಅದನ್ನು ಬಿಗಿಹಿಡಿಯುತ್ತದೆ. ಹ್ಯಾಂಡಲಿನ ಕಂಬವೂ ಮುಂಗವೆಯ ಕೊಳವೆಯೊಳಗೆ ಅದೇ ರೀತಿ ಇಳಿದಿರುತ್ತದೆ. ಇಂದಿನ ಚೌಕಟ್ಟುಗಳಲ್ಲಿ ಸೀಟಿನ ಕೊಳವೆ ನೆಟ್ಟಗಿರದೆ ಹಿಂದಕ್ಕೆ ವಾಲಿರುವುದರಿಂದ, ಸೀಟನ್ನು ಏರಿಸಿದಾಗ ಅದು ಹಿಂದಕ್ಕೂ ಹೋಗುತ್ತದೆ. ಕೊಳವೆ ನೆಲಕ್ಕೆ ೭೩ ಡಿಗ್ರಿಗಳ ಕೋನದಲ್ಲಿದ್ದರೆ, ೩ ಸೆಂಟಿಮೀಟರು ಹೊರಗೆಳೆದ ಸೀಟು ಸುಮಾರು ೯ ಮಿಲಿಮೀಟರು ಹಿಂದೆ ಸರಿಯುತ್ತದೆ. ಸಾಮಾನ್ಯವಾಗಿ ಎತ್ತರದ ಸವಾರನ ತೊಡೆಯೂ ಉದ್ದ, ತೋಳೂ ಉದ್ದ. ಆದುದರಿಂದ ಈ ವಾಲಿಕೆ ಅವನಿಗೆ ಅನುಕೂಲವೇ. ಆದರೆ ಸೀಟಿನ ಎತ್ತರವನ್ನು ಬದಲಿಸಿದ ಮೇಲೆ ಹ್ಯಾಂಡಲಿನ ದೂರವನ್ನೂ ಪುನಃ ನೋಡಿಕೊಳ್ಳಬೇಕೆಂಬ ನಿಯಮ ಇದರಿಂದಲೇ ಹುಟ್ಟಿದೆ.

೪

೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ ಬಳಿಕ ಸೈಕಲ್ಲು ಐರೋಪ್ಯ ಮತ್ತು ಅಮೆರಿಕನ್ ನಗರಗಳಲ್ಲಿ ಕಾಳ್ಗಿಚ್ಚಿನಂತೆ ಹರಡಿತು. ಎಂದೂ ಸವಾರಿ ಮಾಡದ ದೇಹಗಳು ಸೀಟಿನ ಮೇಲೆ ಬಂದು ಕುಳಿತುವು. ಆಗಲೇ ಸೀಟು ಒಂದು ವಿವಾದದ ವಸ್ತುವಾಯಿತು.

ಸೀಟಿನ ಪೂರ್ವಜ ಕುದುರೆಯ ಜೀನು. ಇಂಗ್ಲಿಷರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಮದ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿದ್ದ ಜಾನ್ ಬೋಲ್ಟ್‌ಬಿ ಬ್ರೂಕ್ಸ್ ೧೮೮೨ರಲ್ಲಿ ಸೈಕಲ್ಲಿನ ಸೀಟಿಗೆ ಪೇಟೆಂಟ್ ಪಡೆದನು. ಅವನ ಸಂಸ್ಥೆಯ ಹೆಸರಿನಿಂದ ಪ್ರಸಿದ್ಧವಾದ ಸೀಟುಗಳಲ್ಲಿ ದಪ್ಪ ಚರ್ಮವೊಂದನ್ನು ಲೋಹದ ಚೌಕಟ್ಟಿನ ಹಿಂದಿನ ಮತ್ತು ಮುಂದಿನ ತುದಿಗಳ ನಡುವೆ ತೂಗುಮಂಚದಂತೆ ಬಿಗಿದಿರುತ್ತಾರೆ. ಕುಳಿತು ಕುಳಿತು ಆ ಚರ್ಮವು ಸವಾರನ ಕೂರುವ ಎಲುಬುಗಳ ಎಡೆಯಲ್ಲಿ ತಗ್ಗಿ, ಅವನ ಅಚ್ಚನ್ನೇ ಪಡೆಯುತ್ತದೆ. ಸಡಿಲವಾದರೆ ಮೂತಿಯ ಬಳಿಯ ತಿರುಪಿನಿಂದ ಬಿಗಿಗೊಳಿಸಬಹುದು. ಹಳೆಯ ಚರ್ಮದ ಸೀಟನ್ನು ಅನೇಕ ಸವಾರರು ಹೊಸ ಸೈಕಲ್ಲಿಗೂ ವರ್ಗಾಯಿಸಿಕೊಳ್ಳುವುದು ಈ ಕಾರಣದಿಂದ.

೧೮೯೦ರ ದಶಕದಲ್ಲಿ ವೈದ್ಯರು ಸೀಟಿನ ಮೇಲೆ ಆಕ್ಷೇಪಣೆಗಳ ಸುರಿಮಳೆಗರೆದರು. ಮುಂದಿನ ಮೂತಿ ಮೃದುವಾದ ಅಂಗಗಳನ್ನು ಒತ್ತುವುದೆಂದೂ, ಸ್ತ್ರೀಯರಿಗೆ ಇದು ವಿಶೇಷವಾಗಿ ಹಾನಿಕರವೆಂದೂ ಅವರು ಬರೆದರು. ಈ ಆಕ್ಷೇಪಣೆಗಳಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದುವು. ಒಂದು ನಿಜವಾದ ಅಂಗರಚನೆಗೆ ಸಂಬಂಧಿಸಿದ್ದು: ದೇಹದ ಭಾರವನ್ನು ಹೊರಬೇಕಾದುದು ಕೂರುವ ಎರಡು ಎಲುಬುಗಳು, ನಡುವಣ ಮೃದು ಭಾಗವಲ್ಲ. ಇದನ್ನೊಪ್ಪಿದ ತಯಾರಕರು ಎರಡು ಮೆತ್ತೆಗಳನ್ನು ಬೇರೆ ಬೇರೆಯಾಗಿ ಇಟ್ಟು ನಡುವೆ ಎಡೆ ಬಿಟ್ಟ ಸೀಟುಗಳನ್ನು ಮಾರಿದರು. ಅಮೆರಿಕದ ಕ್ರಿಸ್ಟಿ ಸೀಟು ಇದಕ್ಕೆ ನಿದರ್ಶನ. ನಡುವೆ ಸೀಳಿರುವ ಇಂದಿನ ಸೀಟುಗಳ ಮೂಲವನ್ನು ಅಲ್ಲಿಯೇ ಗುರುತಿಸಬಹುದು. ಮತ್ತೊಂದು ಎಳೆ ಸಾಮಾಜಿಕವಾದುದು: ಸ್ತ್ರೀಯು ಮನೆಯಿಂದ ದೂರ, ಒಬ್ಬಳೇ, ತನ್ನಿಷ್ಟದಂತೆ ಹೋಗುವಳೆಂಬ ಭಯ ವೈದ್ಯಶಾಸ್ತ್ರದ ವೇಷವನ್ನು ಧರಿಸಿ ಬಂದಿತ್ತು. ಈ ಎರಡು ಎಳೆಗಳನ್ನು ಬೇರ್ಪಡಿಸದೆ ಆ ಕಾಲದ ಬರಹಗಳನ್ನು ಓದಿದರೆ ನಾವು ದಾರಿ ತಪ್ಪುವ ಸಂಭವವುಂಟು.

ಸ್ತ್ರೀಯರ ಕಡೆಯಿಂದ ಬಂದ ಉತ್ತರ ಗಮನಾರ್ಹವಾದುದು. ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲರ್ಡ್ ಐವತ್ತು ದಾಟಿದ ವಯಸ್ಸಿನಲ್ಲಿ ಸವಾರಿಯನ್ನು ಕಲಿತು, ೧೮೯೫ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದಳು. ಮರುವರ್ಷ ಮರಿಯಾ ವಾರ್ಡ್ ಸ್ತ್ರೀಯರಿಗಾಗಿಯೇ ಬರೆದ ಸೈಕಲ್ ಕೈಪಿಡಿ ಹೊರಬಂದಿತು. ಸವಾರಿಯ ಪಾಠದೊಡನೆ ಯಂತ್ರದ ಭಾಗಗಳನ್ನೂ ಉಪಕರಣಗಳನ್ನೂ ವಿವರಿಸುವ ಈ ಗ್ರಂಥ, ಸೂಜಿ ಕತ್ತರಿಗಳನ್ನು ಹಿಡಿಯಬಲ್ಲ ಹೆಂಗಸು ಉಳಿದ ಉಪಕರಣಗಳನ್ನೂ ಹಿಡಿಯಬಲ್ಲಳೆಂದು ಸಾರುತ್ತದೆ. ದೇಹಕ್ಕೆ ಯಂತ್ರ ಹೊಂದದಿದ್ದರೆ ಯಂತ್ರವನ್ನು ಬಿಡಬೇಕೆಂಬುದು ವೈದ್ಯರ ಮತ. ಬೋಲ್ಟನ್ನು ಸಡಿಲಿಸಿ ಹೊಂದಿಸಿಕೊಳ್ಳಬೇಕೆಂಬುದು ಇವರ ಮತ.

ಹ್ಯಾಂಡಲಿನ ವಿಷಯದಲ್ಲಿ ವಿವಾದ ಬೇರೆ ರೂಪ ತಾಳಿತು. ವೇಗದ ಹುಚ್ಚು ಹಿಡಿದ ತರುಣರು ಹ್ಯಾಂಡಲನ್ನು ತಗ್ಗಿಸಿ, ಬೆನ್ನು ಬಾಗಿಸಿ ಓಡಿಸತೊಡಗಿದರು. ಬೆನ್ನು ಶಾಶ್ವತವಾಗಿ ಗೂನಾಗುವುದೆಂದು ವೈದ್ಯರು ಎಚ್ಚರಿಸಿ, ಆ ರೋಗಕ್ಕೆ ಲ್ಯಾಟಿನ್ ಹೆಸರೊಂದನ್ನೂ ಕೊಟ್ಟರು. ಆದರೆ ತರುಣರಿಗೆ ಕಾರಣವಿತ್ತು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕನುಗುಣವಾಗಿ ಬೆಳೆಯುತ್ತದೆ; ನೆಟ್ಟಗೆ ಕುಳಿತವನ ಎದೆಯೇ ಅವನಿಗೆ ಅಡ್ಡಗೋಡೆ. ೧೮೯೯ರಲ್ಲಿ ಮಾಂಟ್ರಿಯಾಲಿನಲ್ಲಿ ವಿಶ್ವ ಚಾಂಪಿಯನ್ ಪದವಿಯನ್ನು ಗೆದ್ದ ಅಮೆರಿಕದ ನೀಗ್ರೋ ಸವಾರ ಮೇಜರ್ ಟೇಲರನ ಹೆಸರು ಹ್ಯಾಂಡಲಿನ ಒಂದು ವಿಧಾನಕ್ಕೇ ಅಂಟಿಕೊಂಡಿದೆ: ಹ್ಯಾಂಡಲನ್ನು ಮುಂಚಾಚಿದ ತೋಳೊಂದಕ್ಕೆ ಕೂಡಿಸಿ, ಅದನ್ನು ಮುಂದಕ್ಕೂ ಹಿಂದಕ್ಕೂ ಜಾರಿಸಲು ಬರುವಂತೆ ಮಾಡಿದ ವಿಧಾನವದು. ಹ್ಯಾಂಡಲಿಗೆ ಎತ್ತರವಷ್ಟೇ ಅಲ್ಲ, ದೂರವೂ ಒಂದು ಅಳತೆಯೆಂಬುದು ಇದರಿಂದ ಸ್ಪಷ್ಟವಾಯಿತು.

೫

ಇಪ್ಪತ್ತನೆಯ ಶತಮಾನದಲ್ಲಿ ಪಂದ್ಯದ ಸೈಕಲ್ಲು ರಸ್ತೆ ಸೈಕಲ್ಲಿನ ಮಾದರಿಯನ್ನು ನಿರ್ಣಯಿಸತೊಡಗಿತು. ಎಷ್ಟೋ ಗಂಟೆಗಳ ಕಾಲ ಸೀಟಿನ ಮೇಲಿರಬೇಕಾದ ಸವಾರನಿಗೆ ಕೆಳಕ್ಕೆ ಬಾಗಿದ ಹ್ಯಾಂಡಲು ಕೈ ಇಡಲು ಮೂರು ನಾಲ್ಕು ಎಡೆಗಳನ್ನು ಕೊಡುತ್ತದೆ: ಮೇಲಿನ ಅಡ್ಡ ಭಾಗ, ಬ್ರೇಕಿನ ಬುಡ, ಕೆಳಗಿನ ಕೊಂಬು. ಹಿಡಿತವನ್ನು ಆಗಾಗ ಬದಲಾಯಿಸುವುದರಿಂದ ಅಂಗೈಯ ನರಗಳ ಮೇಲಿನ ಒತ್ತಡ ಒಂದೇ ಕಡೆ ನಿಲ್ಲುವುದಿಲ್ಲ. ವೇಗಕ್ಕೆ ಸಾಧನವಾದ ಈ ಬಾಗಿದ ಹ್ಯಾಂಡಲು, ತಕ್ಕ ಎತ್ತರದಲ್ಲಿದ್ದರೆ, ಸುಖಕ್ಕೂ ಸಾಧನವಾಗುತ್ತದೆ.

ಸೀಟಿನ ಸ್ಥಾನ ಎಷ್ಟು ಮಹತ್ತ್ವದ್ದೆಂಬುದನ್ನು ಪಂದ್ಯಗಳ ಆಡಳಿತ ಸಂಸ್ಥೆಯ ಚರಿತ್ರೆಯೂ ತೋರಿಸುತ್ತದೆ. ೧೯೩೩ರ ಜುಲೈಯಲ್ಲಿ ಫ್ರಾನ್ಸಿಸ್ ಫೋರ್ ಎಂಬ ಫ್ರೆಂಚ್ ಸವಾರನು ಚಾರ್ಲ್ಸ್ ಮೋಶೆ ರಚಿಸಿದ, ಒರಗಿ ಕುಳಿತು ತುಳಿಯುವ ಸೈಕಲ್ಲಿನ ಮೇಲೆ ಒಂದು ಗಂಟೆಯಲ್ಲಿ ೪೫ ಕಿಲೋಮೀಟರುಗಳಿಗೆ ಮಿಕ್ಕಿ ಸಾಗಿ ಹಳೆಯ ದಾಖಲೆಯನ್ನು ಮುರಿದನು. ಮರುವರ್ಷ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟವು ಸೈಕಲ್ಲೆಂದರೇನೆಂಬುದಕ್ಕೆ ಲಕ್ಷಣ ಹೇಳಿ, ಪೆಡಲಿನ ನಡು ಅಚ್ಚಿಗೂ ಸೀಟಿಗೂ ಇರಬೇಕಾದ ಸಂಬಂಧವನ್ನು ಅಳತೆಯಿಂದ ಗೊತ್ತುಪಡಿಸಿ, ಅಂಥ ವಾಹನವನ್ನು ದಾಖಲೆಗಳಿಂದ ಹೊರಗಿಟ್ಟಿತು. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ೧೯೯೩ರಲ್ಲಿ ತೋಳುಗಳನ್ನು ಎದೆಯಡಿ ಮಡಿಸಿಕೊಂಡು ಗಂಟೆಯ ದಾಖಲೆಯನ್ನು ಗೆದ್ದಾಗಲೂ ಹೀಗೆಯೇ ಆಯಿತು. ೧೯೯೪ರಲ್ಲಿ ಆ ಭಂಗಿ ನಿಷಿದ್ಧವಾಯಿತು. ಅವನು ತೋಳುಗಳನ್ನು ಮುಂದಕ್ಕೆ ನೀಳವಾಗಿ ಚಾಚುವ ಮತ್ತೊಂದು ಭಂಗಿಯನ್ನು ತಂದನು. ೧೯೯೬ರ ಬಳಿಕ ಅದೂ ನಿಂತಿತು. ಸರಿಸಲು ಬರಬೇಕೆಂದು ಸ್ಟಾರ್ಲಿ ಬಯಸಿದ್ದ ಎರಡು ಭಾಗಗಳಿಗೂ ಹೀಗೆ ಕಾನೂನಿನ ಗಡಿ ಬಂದಿತು.

ಹೊಂದಾಣಿಕೆಯು ದೇಹದ ನಿರಂತರ ಬೇಡಿಕೆಯೆಂಬುದಕ್ಕೆ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್‌ನ ಜೀವನ ನಿದರ್ಶನ. ೧೯೬೯ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬ್ಲ್ವಾ ಎಂಬಲ್ಲಿ ನಡೆದ ಅಪಘಾತದಲ್ಲಿ ಅವನ ಮುಂದೆ ಮೋಟಾರು ಸೈಕಲ್ಲು ನಡೆಸುತ್ತಿದ್ದ ಫರ್ನಾಂಡ್ ವಾಂಬ್ಸ್ಟ್ ಮೃತನಾದನು. ಮರ್ಕ್ಸ್‌ನ ಸೊಂಟದ ಎಲುಬಿನ ಕಟ್ಟು ತಿರುಚಿಕೊಂಡಿತು. ಅಲ್ಲಿಂದ ಮುಂದೆ ಅವನು ನೋವಿಲ್ಲದ ಸ್ಥಾನವನ್ನು ಹುಡುಕುತ್ತ, ಪಂದ್ಯದ ನಡುವೆಯೂ ಸೀಟಿನ ಎತ್ತರವನ್ನು ಬದಲಿಸುತ್ತಿದ್ದನೆಂಬುದು ಪ್ರಸಿದ್ಧ. ಲೋಕದ ಅತಿಶ್ರೇಷ್ಠ ಸವಾರನೆಂದು ಅನೇಕರು ಎಣಿಸುವವನಿಗೂ ಒಮ್ಮೆ ಅಳೆದ ಅಳತೆ ಕೊನೆಯ ಅಳತೆಯಾಗಲಿಲ್ಲ.

೬

ಹೊಂದಾಣಿಕೆಯ ಜ್ಞಾನ ಬಹುಕಾಲ ಕೈಯಿಂದ ಕೈಗೆ ಬಂದ ಜ್ಞಾನವಾಗಿತ್ತು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲು ಕೆಳಗಿರುವಾಗ ಮೊಣಕಾಲು ನೆಟ್ಟಗಾಗುವಷ್ಟು ಸೀಟನ್ನು ಏರಿಸಬೇಕು; ಆಗ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲಿನಲ್ಲಿ ತಕ್ಕಷ್ಟು ಬಾಗು ಉಳಿಯುತ್ತದೆ. ಮೊಣಕೈಯನ್ನು ಸೀಟಿನ ಮೂತಿಗೆ ತಾಗಿಸಿ ಕೈ ಚಾಚಿದರೆ ಬೆರಳ ತುದಿ ಹ್ಯಾಂಡಲಿನ ಬಳಿಗೆ ಬರಬೇಕು. ಇವು ಅಂಗಡಿಯ ನಿಯಮಗಳು. ಒರಟಾದರೂ ಇವುಗಳಿಗೊಂದು ಗುಣವಿದೆ: ಅಳತೆಗೋಲು ಸವಾರನ ದೇಹವೇ.

೧೯೬೭ರಲ್ಲಿ ಇಂಗ್ಲೆಂಡಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ವಿದ್ವಾಂಸರು ಇದಕ್ಕೊಂದು ಅಂಕಿಯನ್ನು ಕೊಟ್ಟರು. ಪೆಡಲು ಕೆಳಗಿರುವಾಗ ಅದರಿಂದ ಸೀಟಿನ ನೆತ್ತಿಗಿರುವ ದೂರವು ಒಳಗಾಲಿನ ಉದ್ದದ ಶೇಕಡ ೧೦೯ರಷ್ಟಿದ್ದರೆ ಹೆಚ್ಚು ಶಕ್ತಿ ಹೊರಡುವುದೆಂದು ಅವರು ಕಂಡರು. ಮುಂದೆ ೧೯೮೦ರ ದಶಕದಲ್ಲಿ ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಮತ್ತು ಅವನ ಶಿಷ್ಯ ಗ್ರೆಗ್ ಲಮಾಂಡರಿಂದ ಮತ್ತೊಂದು ಸೂತ್ರ ಪ್ರಚಾರಕ್ಕೆ ಬಂದಿತು: ಒಳಗಾಲಿನ ಉದ್ದವನ್ನು ೦.೮೮೩ರಿಂದ ಗುಣಿಸಿದರೆ ಪೆಡಲಿನ ನಡು ಅಚ್ಚಿನಿಂದ ಸೀಟಿನ ನೆತ್ತಿಗಿರಬೇಕಾದ ದೂರ ದೊರೆಯುತ್ತದೆ.

ಈ ಎರಡು ಸೂತ್ರಗಳನ್ನು ಹೋಲಿಸಿ ನೋಡೋಣ. ಒಳಗಾಲು ೮೦ ಸೆಂಟಿಮೀಟರು, ಪೆಡಲಿನ ಕ್ರ್ಯಾಂಕು ೧೭ ಸೆಂಟಿಮೀಟರು ಇರಲಿ. ಮೊದಲ ಸೂತ್ರದಂತೆ ದೂರ ೮೭.೨ ಸೆಂಟಿಮೀಟರು. ಎರಡನೆಯದರಂತೆ ೭೦.೬ ಸೆಂಟಿಮೀಟರು, ಕ್ರ್ಯಾಂಕನ್ನು ಕೂಡಿಸಿದರೆ ೮೭.೬. ವ್ಯತ್ಯಾಸ ಅರ್ಧ ಸೆಂಟಿಮೀಟರಿಗಿಂತ ಕಡಮೆ. ಆದರೆ ಒಳಗಾಲು ೯೦ ಸೆಂಟಿಮೀಟರಾದಾಗ, ಕ್ರ್ಯಾಂಕು ಅಷ್ಟೇ ಇದ್ದರೆ, ಮೊದಲನೆಯದು ೯೮.೧, ಎರಡನೆಯದು ೯೬.೫, ವ್ಯತ್ಯಾಸ ೧೬ ಮಿಲಿಮೀಟರು. ನಡುತರದ ದೇಹದಲ್ಲಿ ಒಮ್ಮತವಿರುವ ಸೂತ್ರಗಳು ಅಂಚಿನ ದೇಹಗಳಲ್ಲಿ ಬೇರೆಯಾಗುತ್ತವೆ. ಸೂತ್ರದ ನೆರವು ಹೆಚ್ಚಾಗಿ ಬೇಕಾದವರು ಆ ಅಂಚಿನವರೇ ಎಂಬುದನ್ನು ಮರೆಯಲಾಗದು. ಮುಂದಿನ ವಿದ್ವಾಂಸರು ಉದ್ದಕ್ಕೆ ಬದಲಾಗಿ ಕೋನವನ್ನು ಹಿಡಿದು, ಪೆಡಲು ಕೆಳಗಿರುವಾಗ ಮೊಣಕಾಲಿನ ಬಾಗು ೨೫ರಿಂದ ೩೫ ಡಿಗ್ರಿಗಳೊಳಗಿರಲಿ ಎಂದರು. ಒಂದು ಅಂಕಿಯ ಸ್ಥಳದಲ್ಲಿ ಒಂದು ಅವಕಾಶವನ್ನು ಇಟ್ಟುದು ಈ ವಿಧಾನದ ವಿವೇಕ.

ಹ್ಯಾಂಡಲಿಗೆ ಇಂಥ ಸರ್ವಮಾನ್ಯ ಸೂತ್ರ ದೊರೆತಿಲ್ಲ. ಸೀಟಿನ ಎತ್ತರ ಬಹುಮಟ್ಟಿಗೆ ಎಲುಬಿನ ಉದ್ದವನ್ನು ಅವಲಂಬಿಸಿದೆ. ಹ್ಯಾಂಡಲಿನ ಎತ್ತರವಾದರೋ ಬೆನ್ನಿನ ಬಳಕು, ಕತ್ತಿನ ಬಲ, ವಯಸ್ಸು, ಅಭ್ಯಾಸ, ಸವಾರಿಯ ಉದ್ದೇಶ ಇವೆಲ್ಲವನ್ನೂ ಅವಲಂಬಿಸಿದೆ. ಪಂದ್ಯದವನು ಅದನ್ನು ಸೀಟಿಗಿಂತ ಕೆಳಗಿಡುತ್ತಾನೆ. ದೂರದ ಯಾತ್ರಿಕನು ಸೀಟಿನ ಮಟ್ಟಕ್ಕೆ ತರುತ್ತಾನೆ. ಎರಡೂ ಸರಿಯೇ. ಎಲುಬನ್ನು ಅಳೆಯಬಹುದು, ಉದ್ದೇಶವನ್ನು ಅಳೆಯಲಾಗುವುದಿಲ್ಲ.

ಈ ಚರಿತ್ರೆಯಿಂದ ಹೊರಡುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಸೀಟಿನ ಎತ್ತರ: ಸವಾರನ ಸೊಂಟ ಅತ್ತಿತ್ತ ತೊನೆದರೆ ಸೀಟು ಅತಿಯಾಗಿ ಮೇಲಿದೆ, ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಕೆಳಗಿರುವ ಸಂಭವ ಹೆಚ್ಚು. ಬಳಿಕ ಅದರ ವಾಲಿಕೆ: ಬಹುಮಟ್ಟಿಗೆ ಸಮತಟ್ಟಾಗಿರಬೇಕು, ಮೂತಿ ಕೆಳಗಾದರೆ ದೇಹ ಮುಂದೆ ಜಾರಿ ಭಾರವೆಲ್ಲ ಅಂಗೈಗಳಿಗೆ ಬೀಳುತ್ತದೆ, ಮೇಲಾದರೆ ಮೃದು ಭಾಗ ಒತ್ತಿಕೊಳ್ಳುತ್ತದೆ. ಅನಂತರ ಹಿಂದೆ ಮುಂದೆ ಸರಿಸುವಿಕೆ. ಕೊನೆಗೆ ಹ್ಯಾಂಡಲಿನ ದೂರ ಮತ್ತು ಎತ್ತರ. ಮೊಣಕೈಗಳು ಸ್ವಲ್ಪ ಬಾಗಿರುವಂತೆ, ಹೆಗಲು ಬಿಗಿಯದಂತೆ. ಸೀಟು ದೂರವೆನಿಸಿದಾಗ ಅದನ್ನು ಮುಂದೆ ತಂದು ಹ್ಯಾಂಡಲಿನ ದೋಷವನ್ನು ಮುಚ್ಚುವುದು ಸಲ್ಲದು, ಏಕೆಂದರೆ ಸೀಟಿನ ಸ್ಥಾನ ಕಾಲಿಗೆ ಸಂಬಂಧಿಸಿದ್ದು, ತೋಳಿಗಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಕೆಲವೇ ಮಿಲಿಮೀಟರು. ಕೆಲವು ದಿನದ ಸವಾರಿಯ ಬಳಿಕ ಮುಂದಿನದು.

೭

ಭಾರತದಲ್ಲಿ ಈ ಚರಿತ್ರೆಯ ಮುಖ ಬೇರೆ. ೧೯೪೯ರಲ್ಲಿ ಮದರಾಸಿನಲ್ಲಿ ಟಿ. ಐ. ಸೈಕಲ್ಸ್, ೧೯೫೬ರಲ್ಲಿ ಲೂಧಿಯಾನದಲ್ಲಿ ಹೀರೋ ಮುಂತಾದ ಕಾರ್ಖಾನೆಗಳು ಸ್ಥಾಪಿತವಾಗಿ, ಇಂಗ್ಲೆಂಡಿನ ಮಾದರಿಯ ಗಟ್ಟಿಮುಟ್ಟಾದ ಕಪ್ಪು ಸೈಕಲ್ಲುಗಳನ್ನು ದೇಶಕ್ಕೆಲ್ಲ ಒದಗಿಸಿದುವು. ಒಂದೆರಡು ಅಳತೆಯ ಚೌಕಟ್ಟು, ಅದರ ಮೇಲೆ ತಂದೆ, ಮಗ, ಅಣ್ಣ, ತಮ್ಮ ಎ‍ಲ್ಲರೂ. ಸೈಕಲ್ ಅಂಗಡಿಯವನು ಸ್ಪ್ಯಾನರಿನಿಂದ ಸೀಟನ್ನು ಏರಿಸಿ ಇಳಿಸಿ ಕೊಡುತ್ತಿದ್ದನು. ಸ್ಟಾರ್ಲಿಯ ತತ್ತ್ವದಿಂದ ಅತ್ಯಧಿಕ ಪ್ರಯೋಜನ ಪಡೆದವರು, ಮನೆಗೊಂದೇ ಸೈಕಲ್ಲಿದ್ದ ಇಂಥ ಜನರೇ. ಆದರೆ ಆ ತತ್ತ್ವದ ಮೇರೆಯೂ ನಮ್ಮಲ್ಲಿಯೇ ಕಾಣಸಿಕ್ಕಿತು: ಸೀಟು ಚೌಕಟ್ಟಿಗಿಂತ ಕೆಳಗಿಳಿಯಲಾರದು. ಆದುದರಿಂದ ಹುಡುಗರು ಸೀಟನ್ನೇ ಬಿಟ್ಟು, ಮೇಲಿನ ಸರಳಿನ ಕೆಳಗಿನಿಂದ ಕಾಲು ತೂರಿಸಿ, ದೇಹವನ್ನು ಕೊಂಕಿಸಿಕೊಂಡು ತುಳಿದು ಕಲಿತರು. ಯಂತ್ರ ಹೊಂದಿಕೊಳ್ಳುವುದು ನಿಂತ ಎಡೆಯಲ್ಲಿ ದೇಹ ಹೊಂದಿಕೊಳ್ಳತೊಡಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇತ್ತ ಪಂದ್ಯದ ಮಾದರಿಯ ರಸ್ತೆ ಸೈಕಲ್ಲಿನಲ್ಲಿ ೧೯೯೦ರ ದಶಕದಿಂದ ಒಂದು ಗಮನಾರ್ಹ ಬದಲಾವಣೆಯಾಗಿದೆ. ಹಳೆಯ ಹ್ಯಾಂಡಲಿನ ಕಂಬದ ನೆತ್ತಿಯ ಬೋಲ್ಟನ್ನು ಸಡಿಲಿಸಿ ಒಂದು ಪೆಟ್ಟು ಕೊಟ್ಟರೆ ಒಳಗಿನ ಬೆಣೆ ಬಿಟ್ಟುಕೊಂಡು, ಹ್ಯಾಂಡಲನ್ನು ಏರಿಸಲು ಬರುತ್ತಿತ್ತು. ಹೊಸ ವಿಧಾನದಲ್ಲಿ ಮುಂಗವೆಯ ಕೊಳವೆಯೇ ಮೇಲೆ ಬಂದು, ಹ್ಯಾಂಡಲಿನ ತೋಳು ಅದನ್ನು ಹೊರಗಿನಿಂದ ಕಚ್ಚಿಕೊಳ್ಳುತ್ತದೆ. ಇದು ಹಗುರ, ಗಟ್ಟಿ. ಆದರೆ ಕೊಳವೆಯನ್ನು ಒಮ್ಮೆ ಕತ್ತರಿಸಿದರೆ, ಬಳೆಗಳನ್ನು ಮೇಲೆ ಕೆಳಗೆ ಮಾಡಿ ಪಡೆಯುವ ಅಲ್ಪ ಅವಕಾಶದ ಹೊರತು ಹ್ಯಾಂಡಲು ಮೇಲೇರದು. ಹ್ಯಾಂಡಲು ಮತ್ತು ಅದರ ತೋಳನ್ನು ಒಂದೇ ಅಚ್ಚಿನಲ್ಲಿ ಎರೆದು, ಬ್ರೇಕಿನ ತಂತಿಗಳನ್ನು ಒಳಗೆ ಅಡಗಿಸಿದ ಇತ್ತೀಚಿನ ಸೈಕಲ್ಲುಗಳಲ್ಲಿ ಆ ಅವಕಾಶ ಇನ್ನೂ ಕಿರಿದಾಗಿದೆ. ಅಳತೆ ತಪ್ಪಿದರೆ ಭಾಗವನ್ನೇ ಬದಲಿಸಿ ಹೊಸದನ್ನು ಕೊಳ್ಳಬೇಕು. ಇದರೊಡನೆಯೇ, ಸವಾರನ ದೇಹವನ್ನು ಉಪಕರಣಗಳಿಂದ ಅಳೆದು ತಕ್ಕ ಸೈಕಲ್ಲನ್ನು ಸೂಚಿಸುವ ವೃತ್ತಿಯೊಂದು ಬೆಳೆದಿದೆ. ಕಾಲನ್ನು ಅಳೆದು ಚಕ್ರವನ್ನು ಕೊಳ್ಳುತ್ತಿದ್ದ ೧೮೭೦ರ ದಶಕದ ಗಿರಾಕಿಯ ನೆನಪು ಇಲ್ಲಿ ಬರದಿರದು. ಅಳತೆ ಸೂಕ್ಷ್ಮವಾಗಿದೆ, ಜ್ಞಾನ ಹೆಚ್ಚಿದೆ. ಆದರೆ ಹೊಂದಿಸುವ ಅಧಿಕಾರ ಸವಾರನ ಕೈಯಿಂದ ಕೊಳ್ಳುವ ಗಳಿಗೆಗೆ ಹಿಂದೆ ಸರಿದಿದೆ.

ಇದನ್ನು ಅವನತಿಯೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ಪಂದ್ಯದಲ್ಲಿ ಒಂದು ಕ್ಷಣಕ್ಕೂ ಬೆಲೆಯಿರುವವನು ಆ ಹಗುರವನ್ನು ಬಯಸುವುದು ಸಹಜ. ಆದರೆ ಪಂದ್ಯಕ್ಕೆ ಹೋಗದವರೂ ಪಂದ್ಯದ ಮಾದರಿಯನ್ನೇ ಕೊಳ್ಳುವಾಗ, ಅವರು ಏನನ್ನು ಪಡೆಯುತ್ತಾರೆಂಬುದರ ಜೊತೆಗೆ ಏನನ್ನು ಬಿಟ್ಟುಕೊಡುತ್ತಾರೆಂಬುದನ್ನೂ ಚರಿತ್ರೆ ತೋರಿಸಬೇಕು. ದೇಹವು ವಯಸ್ಸಿನೊಡನೆ ಬದಲಾಗುತ್ತದೆ, ಗಾಯದಿಂದ ಬದಲಾಗುತ್ತದೆ, ಅಭ್ಯಾಸದಿಂದ ಬದಲಾಗುತ್ತದೆ. ಯಂತ್ರದಲ್ಲಿ ಆ ಬದಲಾವಣೆಗೆ ಎಡೆಯಿಲ್ಲದಿದ್ದರೆ ಒಂದು ದಿನ ಸವಾರನು ಯಂತ್ರದಿಂದ ಇಳಿಯಬೇಕಾಗುತ್ತದೆ. ೧೮೯೮ರಲ್ಲಿ ಸ್ಟಾರ್ಲಿ ಎಣಿಸಿದ ಗುರಿಗಳಲ್ಲಿ ವೇಗದ ಮಾತಿಗಿಂತ ಆಯಾಸದ ಮಾತು ಮುಂದಿತ್ತೆಂಬುದನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಸೈಕಲ್ಲು ಎಲ್ಲರ ವಾಹನವಾದುದು ಆ ಎಣಿಕೆಯಿಂದ. ಅದು ಹಾಗೆಯೇ ಉಳಿಯುವುದೂ ಆ ಎರಡು ಬೋಲ್ಟುಗಳು ಸಡಿಲಿಸಲು ಬರುವಷ್ಟು ಕಾಲ ಮಾತ್ರ.